ಎರಡನೇ ಸಾಲಿನ ನಂತರ

ಬೆಳಿಗ್ಗೆ ಹತ್ತೂಕಾಲಕ್ಕೆ ಉಲ್ಲಾಸನಿಗೆ ಚಂದನಾಳ ದನಿ ಕೇಳಿಸಿತು. ಅವಳು ಸತ್ತು ಎರಡನೇ ತಿಂಗಳು ನಡೆಯುತ್ತಿತ್ತು.

ಮೊದಲಿಗೆ ಅವನು ಅದನ್ನು ದನಿ ಎಂದುಕೊಳ್ಳಲಿಲ್ಲ. ಬೆಂಗಳೂರಿನ ಗಾಯಕಿ ಅಲ್ಲಿಯದೇ ಸ್ಟುಡಿಯೋದಲ್ಲಿ ಹಾಡಿ ಕಳಿಸಿದ ಫೈಲು ಹಿಂದಿನ ಸಂಜೆ ಬಂದಿತ್ತು. ವಾದ್ಯಗಳನ್ನೆಲ್ಲ ಮುಚ್ಚಿ, ಬರೀ ಕಂಠವನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಕೂತಿದ್ದ. ಎರಡನೇ ಸಾಲು ಮುಗಿದು ಗಾಯಕಿ ನಿಲ್ಲಿಸುವ ಜಾಗದಲ್ಲಿ, ಮೌನ ಇರಬೇಕಾದಲ್ಲಿ, ಸೊಳ್ಳೆಯ ರೆಕ್ಕೆಯಷ್ಟು ತೆಳುವಾದ ಏನೋ ಒಂದು ಇತ್ತು. ಫ್ಯಾನಿನದಿರಬೇಕು ಎಂದು ಫ್ಯಾನ್ ಆರಿಸಿದ. ಕೆಳಗೆ ಕುಂದಾಪುರದ ಬಸ್ ನಿಲ್ದಾಣದಲ್ಲಿ ಬೈಂದೂರಿಗೆ ಹೊರಟ ಬಸ್ಸಿನ ಕಂಡಕ್ಟರ್ ದಾರಿಯ ಊರುಗಳನ್ನೆಲ್ಲ ಒಂದೇ ಉಸಿರಿಗೆ ಕೂಗುತ್ತಿದ್ದ, ಕಿಟಕಿಯನ್ನೂ ಮುಚ್ಚಿದ. ಮತ್ತೆ ಅದೇ ಜಾಗಕ್ಕೆ ಬಂದು ಸದ್ದು ಏರಿಸಿದ. ಹೊಳಿ ಆಚಿ ಬದಿಗ್ ದೀಪ ಕಾಣತ್ತ್, ನೀ ಬಪ್ಪ ಹೊತ್ತಾಯ್ತ್. ಇಷ್ಟು ಗಾಯಕಿಯದು. ಅದು ಮುಗಿದ ಮೇಲೂ, ತೀರ ಒಳಗೆ, ಆ ಕೊನೆಯ ಪದದ ಬಾಲವನ್ನು ಬೇರೊಬ್ಬಳು ಇನ್ನೂ ಎಳೆಯುತ್ತಿದ್ದಳು. ಎಳೆದು, ಕೆಳಗಿನ ಸ್ವರವನ್ನು ಸ್ವಲ್ಪವೇ ತಾಗಿಸಿ ಬಿಟ್ಟು, ಉಸಿರು ತೆಗೆದುಕೊಂಡಳು. ಹಾಗೆ ತಾಗಿಸುವವರು ಯಾರೆಂದು ಅವನಿಗೆ ಗೊತ್ತಿತ್ತು. ಅದು ಬೇಡ ಎಂದು ಅವಳಿಗೆ ಹೇಳಿದವನೇ ಅವನು.

ಇದರಲ್ಲಿ ಪವಾಡವೇನೂ ಇರಲಿಲ್ಲ. ಸಿನಿಮಾ ಕುಂದಾಪ್ರ ಕನ್ನಡದ್ದು, ಸಂಗೀತ ಉಲ್ಲಾಸನದು, ಹಾಡೂ ಅದೇ ಮಾತಿನದು, ಗಾಯಕಿಗೆ ಆ ಮಾತು ಬಾರದು. ಹೀಗಿರುವಾಗ ಊರಿನವರೊಬ್ಬರಿಂದ ಹಾಡನ್ನು ಮೊದಲು ಹಾಡಿಸಿ ಕಳಿಸುತ್ತಾರೆ. ಅದಕ್ಕೆ ಟ್ರ್ಯಾಕ್ ಎನ್ನುತ್ತಾರೆ. ಹೆಸರಿರುವ ಗಾಯಕರು ಅದನ್ನು ಕೇಳಿ ಕಲಿತು, ಆಮೇಲೆ ಅದನ್ನು ಮುಚ್ಚಿ ತಮ್ಮದನ್ನು ಹಾಡುತ್ತಾರೆ. ಈಕೆಗೆ ಮುಚ್ಚುವ ಧೈರ್ಯ ಬಂದಿರಲಿಲ್ಲ. ಚಂದನಾಳ ಟ್ರ್ಯಾಕನ್ನು ಕಿವಿಯಲ್ಲಿ ಜೋರಾಗಿ ಇಟ್ಟುಕೊಂಡು, ಒಂದೊಂದು ಪದಕ್ಕೂ ಅದರ ಬೆನ್ನು ಹಿಡಿದೇ ಹಾಡಿದ್ದಳು. ಹೆಡ್‌ಫೋನಿನ ಅಂಚಿನಿಂದ ಸೋರಿದ್ದನ್ನು ಮೈಕು ಹಿಡಿದುಕೊಂಡಿತ್ತು. ಈ ಕೆಲಸದಲ್ಲಿ ತೀರ ಸಾಮಾನ್ಯವಾದ ತಪ್ಪು, ತೆಗೆಯಲು ಸಾಫ್ಟ್‌ವೇರ್ ಇದೆ. ಸಂಜೆಯೊಳಗೆ ತೆಗೆದು, ವಾದ್ಯಗಳೊಂದಿಗೆ ಬೆರೆಸಿ ಕಳಿಸಿದರೆ ಶುಕ್ರವಾರ ಹಾಡು ಬಿಡುಗಡೆ. ವಾದ್ಯಗಳು ಸೇರಿದ ಮೇಲೆ ಅದು ಎಲ್ಲಿಯೂ ಕೇಳುತ್ತಿರಲಿಲ್ಲ, ಈ ಒಂದು ಜಾಗದಲ್ಲಿ ಬಿಟ್ಟು. ಇಲ್ಲಿ ಯಾವ ವಾದ್ಯವೂ ಬೇಡ, ಕೇಳುವವನಿಗೆ ಹೊಳೆಯ ಅಗಲ ತಿಳಿಯಬೇಕು ಎಂದು ಅವನೇ ನಿರ್ದೇಶಕರ ಹತ್ತಿರ ವಾದ ಮಾಡಿ ಗೆದ್ದಿದ್ದ.

ಆ ಸಾಫ್ಟ್‌ವೇರಿಗೆ ಒಂದು ಕ್ರಮವಿದೆ. ಬೇಡದ ಸದ್ದು ಮಾತ್ರ ಕೇಳುವ ಒಂದು ಚೂರನ್ನು ಗುರುತು ಮಾಡಿ, ಇದು ಗದ್ದಲ ಎಂದು ಅದಕ್ಕೆ ಕಲಿಸಬೇಕು. ಕಲಿತ ಮೇಲೆ ಹಾಡಿನುದ್ದಕ್ಕೂ ಅಂಥದ್ದನ್ನು ಹುಡುಕಿ ಅಳಿಸುತ್ತದೆ. ಉಲ್ಲಾಸ್ ಆ ಚೂರನ್ನು ಗುರುತು ಮಾಡಿದ. ಕಲಿಸುವ ಗುಂಡಿಯ ಮೇಲೆ ಬಾಣದ ಗುರುತನ್ನು ತಂದು ನಿಲ್ಲಿಸಿದ. ಅಡ್ಡಿಲ್ಲೆ ಸರ್, ಎಂದಿದ್ದಳು ಅವಳು, ಇದೇ ಬಾಗಿಲ ಬಳಿ, ಚಪ್ಪಲಿ ಹಾಕಿಕೊಳ್ಳುತ್ತ. ಗೇರುಬೀಜದ ಕಾರ್ಖಾನೆಯ ಆಫೀಸಿನಿಂದ ನೇರ ಬಂದಿದ್ದಳು, ಚೂಡಿದಾರಕ್ಕೆ ಹುರಿದ ಗೇರಿನ ವಾಸನೆಯಿತ್ತು. ಅವಳೇ ಹಾಡುವುದೆಂದು ಅವನು ಎಂದೂ ಹೇಳಿರಲಿಲ್ಲ; ಅವಳಲ್ಲವೆಂದೂ ಹೇಳಿರಲಿಲ್ಲ. ಕಾಂಬ, ನೋಡೋಣ, ಎಂದಿದ್ದ. ಶಾಲೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಹಾಡು ಕಲಿಸುತ್ತಿದ್ದ ದಿನಗಳಿಂದಲೂ ಅವನ ಕಾಂಬ ಎಂಬ ಮಾತನ್ನು ಅವಳು ಹೌದು ಎಂದೇ ತಿಳಿಯುತ್ತಿದ್ದಳು, ಮತ್ತು ಹಾಗೆ ತಿಳಿಯುತ್ತಾಳೆಂದು ಅವನಿಗೆ ಗೊತ್ತಿತ್ತು. ನಿರ್ಮಾಪಕರಿಗೆ ಹೆಸರಿರುವ ದನಿ ಬೇಕಂತೆ ಎಂದು ಹೇಳುವಾಗ ಅವಳ ಮುಖ ನೋಡದೆ ಮೈಕಿನ ವಯರ್ ಸುತ್ತುತ್ತಿದ್ದ. ಅಡ್ಡಿಲ್ಲೆ ಸರ್. ಅಷ್ಟಕ್ಕೇ ಬಿಡಬಹುದಿತ್ತು. ಚಪ್ಪಲಿ ಹಾಕಿಕೊಂಡವಳನ್ನು ಮತ್ತೆ ಒಳಗೆ ಕರೆದು, ಹೇಗೂ ಟ್ರ್ಯಾಕ್ ಅಲ್ಲವೆ, ಬಳುಕು ಬೇಡ, ಕೊನೆಗೆ ಹಾಗೆ ತಾಗಿಸುವುದು ಬೇಡ, ಬೇರೆಯವರಿಗೆ ಗೊಂದಲವಾಗುತ್ತದೆ, ದಾರಿ ತೋರಿಸಿದರೆ ಸಾಕು ಎಂದು ಇನ್ನೊಮ್ಮೆ ಸಪಾಟಾಗಿ ಹಾಡಿಸಿದ. ಅವಳು ಹಾಡಿದಳು. ಒಂದೇ ಕಡೆ ಮರೆತಳು, ಅಥವಾ ಮರೆಯಲಿಲ್ಲ. ಹೆಮ್ಮಾಡಿಯಲ್ಲಿ ಹೆದ್ದಾರಿ ದಾಟುವಾಗ ಲಾರಿ ಅವಳ ಸ್ಕೂಟರಿಗೆ ಹೊಡೆದದ್ದು ಅದಾಗಿ ಬಹಳ ದಿನಗಳ ಮೇಲೆ. ಕಾರ್ಖಾನೆಯಿಂದ ತ್ರಾಸಿಯ ತನ್ನ ಮನೆಗೆ ಹೋಗುತ್ತಿದ್ದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವನು ಹಲ್ಲುಜ್ಜುವಾಗ, ಚಾ ಕುಡಿಯುವಾಗ, ಬೈಕಿನ ಕೀಲಿ ತಿರುಗಿಸುವಾಗ ಹೇಳಿಕೊಳ್ಳುತ್ತಿದ್ದ.

ಬಾಣದ ಗುರುತು ಗುಂಡಿಯ ಮೇಲೇ ಇತ್ತು. ಬೆಂಗಳೂರಿನಲ್ಲಿ ದೊಡ್ಡ ಸಂಗೀತ ನಿರ್ದೇಶಕರೊಬ್ಬರ ಹತ್ತಿರ ಅವನು ಕೀಬೋರ್ಡ್ ಬಾರಿಸಿಕೊಂಡಿದ್ದ ಕಾಲದಲ್ಲಿ ಒಂದು ಸಿನಿಮಾ ಬಂದಿತ್ತು. ಅದರ ಎರಡು ಹಾಡುಗಳ ರಾಗ ಅವನದು. ಅಪ್ಪಯ್ಯನನ್ನು ಕುಂದಾಪುರದ ಟಾಕೀಸಿಗೆ ಕರೆದುಕೊಂಡು ಹೋಗಿ, ಮುಗಿದ ಮೇಲೂ ಕೂರಿಸಿಕೊಂಡು, ಹೆಸರುಗಳು ಸಾಲುಸಾಲಾಗಿ ಮೇಲೆ ಹೋಗುವುದನ್ನು ನೋಡುತ್ತಿದ್ದ. ಲೈಟ್ ಹಾಕುವವನ ಹೆಸರು ಬಂತು, ಊಟ ಬಡಿಸಿದವರ ಹೆಸರು ಬಂತು. ಗುಡಿಸುವವಳು ಬಂದು ಕಾಲು ಎತ್ತಿ ಎಂದಳು. ಮೆಟ್ಟಿಲಿಳಿಯುವಾಗ ಅಪ್ಪಯ್ಯ, ಒಂದ್ ಚಾ ಕುಡ್ವನಾ, ಎಂದಷ್ಟೇ ಕೇಳಿದ್ದರು. ಆ ಚಾದ ಲೋಟದ ಬಿಸಿ ಬೆರಳುಗಳಲ್ಲಿ ಈಗಲೂ ಇದೆ. ಉಲ್ಲಾಸ್ ಹೆಡ್‌ಫೋನ್ ತೆಗೆದಿಟ್ಟ. ಹಾಡಿನ ಆ ಭಾಗವನ್ನು ಮೊದಲ ಸಾಲಿನಿಂದ ಫೋನಿಗೆ ಹಾಕಿಕೊಂಡ. ಇದನ್ನು ತೆಗೆಯಬಾರದು, ಅವಳ ತಾಯಿ ಜಲಜಕ್ಕನಿಗೆ ಕೇಳಿಸಬೇಕು ಎಂದು ಅವನಿಗೆ ಅನಿಸಿತು. ಅನಿಸಿದ ಕೂಡಲೇ ಎದೆ ಹಗುರಾಯಿತು. ಯಾರಿಗೂ ಹೇಳದೆ ಅದನ್ನು ಅಲ್ಲಿಯೇ ಬಿಟ್ಟರೆ ಅವಳು ಹಾಡಿನೊಳಗೆ ಉಳಿಯುತ್ತಾಳೆ, ಅದು ಅವನಿಗೂ ಜಲಜಕ್ಕನಿಗೂ ಮಾತ್ರ ಗೊತ್ತಿರುತ್ತದೆ. ಜಲಜಕ್ಕ ಮೀನು ಮಾರುವ ಮಾರ್ಕೆಟ್ಟಿಗೆ ನಡೆದು ಹೋಗುತ್ತ ಅವನು ಅವಳ ಮುಖ ಅರಳುವುದನ್ನು, ಕಣ್ಣು ತುಂಬುವುದನ್ನು, ಒದ್ದೆ ಕೈಯಿಂದ ತನ್ನ ಕೈ ಹಿಡಿಯುವುದನ್ನು ಸಹ ಕಂಡುಬಿಟ್ಟಿದ್ದ.

ಜಲಜ ಸಾಲಿನ ಕೊನೆಯಲ್ಲಿ ಕೂರುತ್ತಾಳೆ. ಅವಳ ಪಕ್ಕದ ರತ್ನಳ ಬಾಯಿಯನ್ನು ದಾಟದೆ ಅಲ್ಲಿಗೆ ಹೋಗಲಾಗುವುದಿಲ್ಲ.

"ಹ್ವಾಯ್ ಮಾಷ್ಟ್ರೇ, ಈ ಬದಿಗ್ ಎಂತ? ನಮ್ನೂ ಸಿನಿಮಾಕ್ ಹಾಕುಕ್ ಬಂದದ್ದಾ?" ಎಂದು ರತ್ನ ಕತ್ತಿ ಎತ್ತಿ ಕೇಳಿದಳು. ಮುಖಕ್ಕೆ ಪೌಡರ್ ಬೇಡ, ಐಸಿನ ಪುಡಿ ಸಾಕು ಎಂದು ಆಚೆ ಕೂತವಳು ಸೇರಿಸಿದಳು. ಜಲಜ ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಒಂದು ಹಾಡು ಕೇಳಿಸಲಿಕ್ಕಿದೆ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದಾಗ ಮೀನಿನ ನೀರು ಸುರಿಯುವ ತನ್ನ ಎರಡೂ ಕೈಗಳನ್ನು ಎತ್ತಿ ತೋರಿಸಿ, ತಲೆಯನ್ನು ಅವನತ್ತ ವಾಲಿಸಿದಳು. ಅವನೇ ಅವಳ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ. ಬೆಂಡೋಲೆಯ ಭಾರಕ್ಕೆ ಇಳಿದ ಕಿವಿ. ಚಂದನಾಳದೂ ಇದೇ ಕಿವಿ, ಓಲೆ ಮಾತ್ರ ಬೇರೆ. ಹಾಡು ಶುರುವಾಗುತ್ತಿದ್ದಂತೆ ಅವಳು ಕತ್ತಿಯನ್ನು ಬುಟ್ಟಿಯ ಅಂಚಿಗೆ ಒರಗಿಸಿದಳು. ಎರಡನೇ ಸಾಲು ಮುಗಿಯುವುದನ್ನು ಅವನು ಫೋನಿನ ಮೇಲೆ ಸರಿಯುವ ಗೆರೆಯಲ್ಲಿ ನೋಡುತ್ತಿದ್ದ. ಗೆರೆ ಆ ಜಾಗಕ್ಕೆ ಬಂದಾಗ ತಲೆಯೆತ್ತಿ ಅವಳ ಮುಖ ನೋಡಿದ. ಮುಖದಲ್ಲಿ ಏನೂ ಬರಲಿಲ್ಲ. ಕೈ ಮಾತ್ರ ಗಾಳಿಯಲ್ಲಿ ಹಾಗೆಯೇ ನಿಂತಿತು, ಬೆರಳುಗಳಿಂದ ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ. ಅವಳು ಅಳಲಿ ಎಂದು ತಾನು ಕಾಯುತ್ತಿದ್ದೇನೆ, ಕಛೇರಿಯಲ್ಲಿ ಚಪ್ಪಾಳೆಗೆ ಕಾದ ಹಾಗೆ, ಎಂದು ಅವನಿಗೆ ಹೊಳೆದದ್ದು ಆಗ.

"ಹಾಡುದ್ ಯಾರ್?" ಎಂದು ಜಲಜ ಕೇಳಿದಳು.

ಬೆಂಗಳೂರಿನವರು, ದೊಡ್ಡ ಗಾಯಕಿ, ಎಂದ.

"ನಮ್ ಹೆಣ್ ಎಂತಕೆ ಹಿಂದ್ ನಿತ್ಕಂಡದ್?"

ಅವನು ಹೆಡ್‌ಫೋನಿನ ಬಗ್ಗೆ, ಮೈಕಿನ ಬಗ್ಗೆ ಹೇಳಿದ. ಬೇಕೆಂದು ಮಾಡಿದ್ದಲ್ಲ, ಹಾಗಾಗಿಬಿಡುತ್ತದೆ. ಆದರೂ ಇದನ್ನು ಹಾಗೆಯೇ ಇರಗೊಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ, ಅವಳ ನೆನಪಿಗೆ ಇರಲಿ ಎಂದ. ಹೇಳುತ್ತ ಹೋದಷ್ಟೂ ಅದು ರೇಟು ಇಳಿಸಲು ಗಿರಾಕಿ ಹೇಳುವ ಮಾತಿನಂತೆ ಅವನಿಗೇ ಕೇಳಿಸಿತು, ಜಲಜಳೂ ಹಾಗೆಯೇ ಕೇಳಿಸಿಕೊಂಡಳು, ಕಣ್ಣು ಬುಟ್ಟಿಯ ಮೇಲಿಟ್ಟು, ಪೂರ್ತಿ ಮುಗಿಯಲು ಬಿಟ್ಟು. ಆಮೇಲೆ ಕಿವಿಯಿಂದ ವಯರನ್ನು ಮೊಣಕೈಯಿಂದ ತಳ್ಳಿ ಬೀಳಿಸಿದಳು.

"ಒಳ್ಗ್ ಎಲಿ ಹಾಕಿ, ಅದಕ್ ಬೇಕಾದ್ದೆಲ್ಲ ಬಡ್ಸಿ, ಬಾಗ್ಲ್ ಮುಚ್ಚಿ, ಕರ್ದ್ ಉಣ್ಸಿ ಕಳ್ಸಿ ಆಯ್ತಲ್ದಾ ಮಾಷ್ಟ್ರೇ? ನೀವೂ ಬಂದಿದ್ರಿ. ಕಳ್ಸದ್ನ ಮತ್ ತಂದ್ ಬಾಗ್ಲಗ್ ನಿಲ್ಸುದಾ?" ದನಿ ಏರಲಿಲ್ಲ. ರತ್ನ ಕತ್ತಿ ಆಡಿಸುವುದನ್ನು ನಿಲ್ಲಿಸಿದ್ದಳು. "ಒಳ್ಗ್ ಕರುದಾರೆ ಹೆಸ್ರ್ ಹೇಳಿ ಕರೀಕ್. ಇಲ್ದಿರೆ ಹೋಪುಕ್ ಬಿಡ್ಕ್. ಎರಡ್ರಲ್ ಒಂದ್ ಮಾಡಿ."

ಹೆಸ್ರ್ ಹಾಕುದೋ ದನಿ ತೆಗುದೋ, ಇವತ್ತೇ ಮಾಡ್ತೆ ಜಲಜಕ್ಕ, ಎಂದ. ಅವಳು ಬಂಗುಡೆಯನ್ನು ಆರಿಸಿ, ಕೇಳದೆಯೇ ಚೊಕ್ಕ ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅವನ ಕೈಗೆ ಕೊಟ್ಟಳು. ಮಗಳು ಹೋದ ಹನ್ನೊಂದನೆಯ ದಿನ ಆ ಮನೆಯ ಜಗಲಿಯಲ್ಲಿ ಅವನೂ ಕೂತಿದ್ದ. ಒಳಕೋಣೆಯಲ್ಲಿ ಸತ್ತವಳಿಗೆ ಎಲೆ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಸುಮ್ಮನಾದಾಗ ಅವನ ಕಿಸೆಯಲ್ಲಿ ಫೋನು ನಡುಗಿತ್ತು. ತೆಗೆದು ನೋಡಿದರೆ ಬೆಂಗಳೂರಿನ ಗಾಯಕಿಯ ಸಂದೇಶ. ಟ್ರ್ಯಾಕ್ ಹಾಡಿದ ಹುಡುಗಿಯ ಹತ್ತಿರ ಬಪ್ಪ ಎಂಬ ಪದವನ್ನು ಇನ್ನೊಮ್ಮೆ ಹೇಳಿಸಿ ಕಳಿಸಬಹುದೇ, ಎಂದು. ಉತ್ತರವಾಗಿ ಅವನು ತನ್ನದೇ ದನಿಯಲ್ಲಿ ಆ ಪದವನ್ನು ಹೇಳಿ ಕಳಿಸಿದ್ದ, ಅಂಗಳದಾಚೆ ತೆಂಗಿನ ಬುಡದಲ್ಲಿ ನಿಂತು. ಬಪ್ಪ. ಬಪ್ಪ. ಹುಡುಗಿ ಇಲ್ಲ ಎಂದು ಹೇಳಲಿಲ್ಲ.

ಚೀಲವನ್ನು ಮೇಜಿನ ಕೆಳಗಿಟ್ಟು ಅವನು ನಿರ್ಮಾಪಕ ಭೋಜರಾಜಣ್ಣನಿಗೆ ಫೋನ್ ಮಾಡಿದ. ಮುಂಬೈಯಲ್ಲಿ ಹೋಟೆಲುಗಳು, ಬ್ರಹ್ಮಾವರದಲ್ಲಿ ಗದ್ದೆ ಮನೆ. ಊರಿನ ಮಾತಿನಲ್ಲಿ ಒಂದು ಸಿನಿಮಾ ಮಾಡಬೇಕೆಂಬುದು ಅವರ ಬಹುಕಾಲದ ಆಸೆ. ಕೆಟ್ಟವರಲ್ಲ. ಹಾಡುವವರ ಜಾಗದಲ್ಲಿ ಇನ್ನೊಂದು ಹೆಸರು ಹಾಕಬೇಕಿತ್ತು ಎಂದು ಉಲ್ಲಾಸ್ ಶುರು ಮಾಡಿದ. ಗಾಯಕಿಯ ಜೊತೆ ಆದ ಕರಾರಿನಲ್ಲಿ ಒಂದೇ ಹೆಸರೆಂದಿದೆ, ಅದು ಆಗುವುದಿಲ್ಲ ಎಂದು ಅವರು ಕಾರಿನೊಳಗಿಂದಲೇ ಹೇಳಿದರು. ಅಷ್ಟಕ್ಕೆ ಮಾತು ಮುಗಿಸಬಹುದಿತ್ತು. ಆದರೆ ಈ ಸಲ ತಾನು ಪಟ್ಟು ಬಿಡುವುದಿಲ್ಲ ಎಂಬ ಹುರುಪಿನಲ್ಲಿ ಅವನು ಎಲ್ಲವನ್ನೂ ಹೇಳಿದ: ಟ್ರ್ಯಾಕ್, ಲಾರಿ, ಎರಡನೇ ಸಾಲಿನ ನಂತರದ ಉಸಿರು.

"ಎಂತ? ತೀರ್ಕಂಡ ಹೆಣ್ಣಿನ್ ದನಿ ಒಳ್ಗ್ ಇತ್ತಾ? ನಮ್ಗ್ ಕೇಳತ್ತಾ?"

"ಹೆಡ್‌ಫೋನ್ ಹಾಕ್ರೆ ಕೇಳತ್ತ್, ಭೋಜರಾಜಣ್ಣ."

"ಅರೆ, ಹಂಗಾರೆ ತೆಗೀಬೇಡ ಮಾರಾಯ. ಇದನ್ ಮೊದ್ಲೇ ಹೇಳುದಲ್ದಾ? ಶ್ರದ್ಧಾಂಜಲಿ ಅಂದ್ ಹೆಸ್ರ್ ಹಾಕುವ, ಪಟ ಹಾಕುವ. ಹೆಡ್‌ಫೋನ್ ಹಾಕಿ ಕೇಣಿ ಅಂದ್ ಹಾಕುವ. ಹೆತ್ತ ಅಬ್ಬಿಗೂ ಒಂದ್ ಖುಷಿ." ಅವರು ಮನಸಾರೆಯೇ ಹೇಳುತ್ತಿದ್ದರು. ಪಬ್ಲಿಸಿಟಿ ನೋಡಿಕೊಳ್ಳುವ ಅಶೋಕ್‌ಗೆ ಈಗಲೇ ಹೇಳುತ್ತೇನೆ, ಹಾಗೇ ಇಟ್ಟು ಕಳಿಸು, ಆಯಿತಲ್ಲ, ಎಂದರು. ಬೇಡ ಎಂಬ ಪದ ಉಲ್ಲಾಸನ ನಾಲಿಗೆಯ ಮೇಲೆ ಪೂರ್ತಿಯಾಗಿ ಇತ್ತು.

"ಕಾಂಬ," ಎಂದ.

ಕೋಣೆಯಲ್ಲಿ ಮೀನಿನ ವಾಸನೆ ಏಳತೊಡಗಿತ್ತು. ಕಿಟಕಿ ಮುಚ್ಚಿಯೇ ಇತ್ತು. ಅವನು ಹೆಡ್‌ಫೋನ್ ಹಾಕದೆ, ಆ ಚೂರನ್ನು ಗುರುತು ಮಾಡಿ, ಕಲಿಸುವ ಗುಂಡಿ ಒತ್ತಿದ. ಇದು ಗದ್ದಲ ಎಂದು ಯಂತ್ರ ಕಲಿಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ. ಪರದೆಯ ಮೇಲೆ ಗಾಯಕಿಯ ಪದಗಳ ನಡುವೆ ಬೂದಿಯಂತೆ ಹರಡಿದ್ದ ತೆಳು ನೆರಳುಗಳು ಒಂದೊಂದಾಗಿ ಬಿಳಿಯಾದವು. ಅವಳು ಅಷ್ಟೆಲ್ಲ ಕಡೆ ಇದ್ದಳೆಂದು ಗೊತ್ತಾದದ್ದು ಅಳಿಸಿದ ಮೇಲೆ. ಆಮೇಲೆ ಕೇಳಿದ. ಎರಡನೇ ಸಾಲು ಮುಗಿಯಿತು, ಮತ್ತು ಹಾಡು ಸತ್ತಿತು. ಮೌನ ಬೇರೆ, ಏನೂ ಇಲ್ಲದಿರುವುದು ಬೇರೆ; ಮೌನದಲ್ಲಿ ಒಂದು ಕೋಣೆ ಇರುತ್ತದೆ, ಗೋಡೆ ಇರುತ್ತದೆ, ನಿಂತ ಗಾಳಿ ಇರುತ್ತದೆ. ಈ ಜಾಗದಲ್ಲಿ ಫೋನ್ ಕೆಟ್ಟುಹೋದಂತಿತ್ತು. ಇಂಥ ತೂತಿಗೆ ಖಾಲಿ ಕೋಣೆಯ ಸದ್ದನ್ನು ತಂದು ತೇಪೆ ಹಾಕುವುದು ವಾಡಿಕೆ. ಗಾಯಕಿಯ ಫೈಲಿನಲ್ಲಿ ಚಂದನಾ ಇಲ್ಲದ ಮೌನವೇ ಇರಲಿಲ್ಲ. ಫ್ಯಾನ್ ಆರಿಸಿ, ಮೈಕ್ ಇಟ್ಟು ಈ ಕೋಣೆಯ ಮೌನವನ್ನೇ ಹಿಡಿಯಲು ನೋಡಿದ, ಬಸ್ಸುಗಳು ಬಿಡಲಿಲ್ಲ. ಕೊನೆಗೆ ಅವನ ಬಳಿ ಉಳಿದದ್ದು ಒಂದೇ. ಟ್ರ್ಯಾಕ್ ಹಾಡಿದ ದಿನ ರಾತ್ರಿಯಾಗಿತ್ತು, ಕೆಳಗೆ ಬಸ್ಸುಗಳು ಕಡಿಮೆಯಿದ್ದವು. ಅವಳು ಸಪಾಟಾಗಿ ಹಾಡಲು ಒಪ್ಪಿ ಮೈಕಿನ ಮುಂದೆ ಬಂದು, ಅವನು ತಾಳ ಕೊಡುವುದನ್ನು ಕಾಯುತ್ತ ನಿಂತಿದ್ದಳಲ್ಲ, ಆ ಹೊತ್ತು. ಅದರಲ್ಲಿ ದನಿಯಿಲ್ಲ, ಉಸಿರೂ ಇಲ್ಲ, ಹಿಡಿದುಕೊಂಡಿದ್ದಳು. ಒಬ್ಬಳು ನಿಂತಿರುವ ಕೋಣೆ, ಅಷ್ಟೆ. ಅದನ್ನು ಕತ್ತರಿಸಿ ಆ ತೂತಿಗೆ ಕೂರಿಸಿದ. ಸರಿಯಾಗಿ ಕೂತಿತು. ಇದು ಅವಳನ್ನು ತೆಗೆದ ಹಾಗೋ ಇಟ್ಟ ಹಾಗೋ ಎಂದು ಯೋಚಿಸಿದ. ಯೋಚಿಸುತ್ತಲೇ ವಾದ್ಯಗಳನ್ನು ಬೆರೆಸಿ, ಬೆಳಕಿರುವಾಗಲೇ ಫೈಲನ್ನು ಕಳಿಸಿದ. ದನಿ ತೆಗೆದಿದ್ದೇನೆ ಎಂದು ಭೋಜರಾಜಣ್ಣನಿಗೆ ಒಂದು ಸಾಲು ಬರೆದ. ಬರೆದು, ನಾಳೆ ಫೋನಿನಲ್ಲೇ ಹೇಳಿದರೆ ಚಂದ ಎಂದು ಅಳಿಸಿದ.

ಜಲಜಳಿಗೆ ಮಾತ್ರ ಫೋನ್ ಮಾಡಿದ. ತೆಗೆದೆ ಜಲಜಕ್ಕ, ಎಂದ.

"ಅಡ್ಡಿಲ್ಲೆ," ಎಂದಳು ಅವಳು. ಮಗಳ ಹಾಗೆಯೇ, ಮೊದಲ ಅಕ್ಷರವನ್ನು ಒತ್ತಿ. ಆಮೇಲೆ ಕೇಳಿದಳು, "ಮೀನ್ ಕಾಸಿ ಆಯ್ತಾ?"

ಆಯ್ತು ಎಂದ. ಚೀಲ ಅವನ ಕಾಲಿಗೆ ತಾಗಿಕೊಂಡು ಮೇಜಿನ ಕೆಳಗೇ ಇತ್ತು.

ಆ ನಾಳೆಯೂ ಅದರ ಮರುದಿನವೂ ಅವನು ಭೋಜರಾಜಣ್ಣನಿಗೆ ಫೋನ್ ಮಾಡಲಿಲ್ಲ. ಫೈಲು ಸಿಕ್ಕಿದೆ ಎಂದು ಹೆಬ್ಬೆರಳಿನ ಗುರುತು ಅವರ ಕಡೆಯಿಂದ ಬಂದಿತ್ತು. ಕೇಳಿದ್ದಾರೆ ಎಂದುಕೊಂಡ, ಕೇಳಿ ಬಿಟ್ಟಿದ್ದಾರೆ ಎಂದುಕೊಂಡ. ಶುಕ್ರವಾರ ಹಾಡು ಬಿಡುಗಡೆಯಾಯಿತು. ಮೊದಲಿಗೆ ಚಂದನಾಳ ಪಟ ಬಂತು, ಅವಳೇ ಎಂದೋ ಇನ್‌ಸ್ಟಾಗ್ರಾಮಿಗೆ ಹಾಕಿಕೊಂಡದ್ದು, ತ್ರಾಸಿಯ ಕಡಲ ಬದಿಯಲ್ಲಿ ಕೂದಲು ಗಾಳಿಗೆ ಮುಖದ ಮೇಲೆ ಬಂದು ನಗುತ್ತಿರುವುದು. ಕೆಳಗೆ ಪೂರ್ತಿ ಹೆಸರು. ಎರಡನೇ ಸಾಲಿನ ನಂತರ ಹೆಡ್‌ಫೋನ್ ಹಾಕಿ ಕೇಳಿ, ಎಂದಿತ್ತು. ಸಂಜೆಯೊಳಗೆ ಊರಿಡೀ ಕೇಳಿತ್ತು. ಬಾರ್ಕೂರಿನ ಒಬ್ಬರು, ಸ್ಪಷ್ಟವಾಗಿ ಕೇಳುತ್ತದೆ, ಮೈ ಜುಮ್ಮೆಂದಿತು ಎಂದು ಬರೆದಿದ್ದರು. ದುಬೈಯಿಂದ ಒಬ್ಬ, ಅಳುವ ದನಿ ಎಂದಿದ್ದ. ಅಲ್ಲ, ಅಮ್ಮ ಎನ್ನುತ್ತಾಳೆ ಎಂದು ಇನ್ನೊಬ್ಬಳು ತಿದ್ದಿದ್ದಳು. ಅವಳ ಕಾಲೇಜಿನ ಗೆಳತಿ ದಿವ್ಯಾ, ಇದು ನಮ್ಮ ಚಂದನಾಳದೇ, ಈ ಉಸಿರು ನನಗೆ ಗೊತ್ತು, ಎಂದಿದ್ದಳು. ಉಲ್ಲಾಸ್ ಬೇಡವೆಂದುಕೊಂಡೇ ಹೆಡ್‌ಫೋನ್ ಹಾಕಿಕೊಂಡ. ಎರಡನೇ ಸಾಲು ಮುಗಿಯಿತು. ಅವನೇ ಕೂರಿಸಿದ ಮೌನ ಇತ್ತು, ಅದರಾಚೆ ಮೂರನೇ ಸಾಲು. ಮತ್ತೊಮ್ಮೆ ಕೇಳಿದ. ಮತ್ತೂ ಒಮ್ಮೆ ಕೇಳಿದಾಗ ಕೆಳಗಿನ ಸ್ವರಕ್ಕೆ ಯಾರೋ ತಾಗಿಸಿ ಬಿಟ್ಟ ಹಾಗಾಯಿತು, ಮತ್ತು ಅವನು ಹೆಡ್‌ಫೋನಿನ ವಯರನ್ನು ಕಿತ್ತ.

ಮರುವಾರ ಮಾರ್ಕೆಟ್ಟಿಗೆ ಹೋದ. ಹೇಳಬೇಕೆಂದುಕೊಂಡದ್ದನ್ನು ದಾರಿಯುದ್ದಕ್ಕೂ ಕುಂದಾಪ್ರ ಮಾತಿನಲ್ಲಿಯೇ ಜೋಡಿಸಿಕೊಂಡಿದ್ದ. ಸಾಲಿನ ಕೊನೆಯ ಜಾಗದಲ್ಲಿ ಬೇರೊಬ್ಬಳು ಸಿಗಡಿ ಹರಡಿಕೊಂಡು ಕೂತಿದ್ದಳು. ರತ್ನ ಈ ಸಲ ತಮಾಷೆ ಮಾಡಲಿಲ್ಲ. ಮೀನು ಕೊಳ್ಳಲು ಬಂದವರೆಲ್ಲ ಫೋನ್ ತೆಗೆದು, ನಿಮ್ಮ ಮಗಳು ಕೇಳಿ ಅಮ್ಮ ಎಂದು ಜಲಜಳ ಕಿವಿಗೆ ಹಿಡಿಯುತ್ತಿದ್ದರು ಎಂದಳು. ಜಲಜ ಕುಂದಾಪುರ ಬಿಟ್ಟಿದ್ದಳು. ಬುಟ್ಟಿ ಹೊತ್ತು ವಂಡ್ಸೆಯ ಕಡೆ ಮನೆಮನೆಗೆ ಹೋಗಿ ಮಾರುತ್ತಿದ್ದಳು. ಅವಳು ಹೊರಡುವ ಹೊತ್ತಿಗೆ ತ್ರಾಸಿಯಿಂದ ಅಲ್ಲಿಗೆ ನೇರ ಬಸ್ಸಿಲ್ಲ. ಹೆಮ್ಮಾಡಿಯಲ್ಲಿ ಇಳಿದು, ಹೆದ್ದಾರಿ ದಾಟಿ, ಇನ್ನೊಂದು ಬಸ್ಸು ಹಿಡಿಯಬೇಕು.